ಕೊರೊನಾ ಮತ್ತು ಕೇರಳದ ಪ್ರವಾಸೋದ್ಯಮ: ಶೇ. 471 ಎಂಬ ಏರಿಕೆಗೆ ನಾನು ಬೇಸ್ತು ಬಿದ್ದದ್ದು

ಪಿ.ಎಸ್.ಸಿ.ಗೆ, ಅಂದರೆ ಕೇರಳದ ಸರಕಾರಿ ಕೆಲಸದ ಪರೀಕ್ಷೆಗೆ, ಓದುವ ಕಾಸರಗೋಡಿನ ಕನ್ನಡದವರ ಕಷ್ಟ ನಿಮಗೂ ಗೊತ್ತಿರುತ್ತದೆ. ಒಳ್ಳೆಯ ನೋಟ್ಸ್ ಎಲ್ಲ ಮಲಯಾಳದಲ್ಲೇ ಇರುವುದು. ಈ ಪಾಠ ಶುರು ಮಾಡಿದ ದಿನವೇ ನಾನು ಎಡವಿದೆ. 'ಆಭ್ಯಂತರ ವಿನೋದಸಂಚಾರಿಗಳು' ಎಂದು ಬರೆದಿತ್ತು. ನಮ್ಮಲ್ಲಿ ಅಭ್ಯಂತರ ಅಂದರೆ ತಕರಾರು ಅಲ್ವಾ? ಪ್ರವಾಸಿಗರು ಬರಬಾರದು ಎಂದು ತಕರಾರು ತೆಗೆದವರ ಲೆಕ್ಕ ಅಂದುಕೊಂಡೆ. ಕೊರೊನಾ ಪಾಠವಾದ್ದರಿಂದ ಅರ್ಥವೂ ಸರಿಯಾಗಿ ಹೊಂದುತ್ತಿತ್ತು! ಆಮೇಲೆ ತಿಳಿಯಿತು, ಅದು ಸುಮ್ನೆ 'ದೇಶೀಯ ಪ್ರವಾಸಿಗರು' ಅಷ್ಟೇ. ಇದರಲ್ಲಿ ಕೇರಳದವರೇ ಹೆಚ್ಚು. ಕುಂಬಳೆಯಿಂದ ಮುನ್ನಾರಿಗೆ ಹೋಗಿ ಎರಡು ದಿನ ಉಳಿದರೆ ನೀವೂ ಆ ಲೆಕ್ಕಕ್ಕೆ ಸೇರುತ್ತೀರಿ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ತಾರೀಕುಗಳು

ಬೇಗ ಮುಗಿಸುತ್ತೇನೆ. 2020ರ ಜನವರಿ 30ರಂದು ದೇಶದ ಮೊದಲ ಕೇಸು ತ್ರಿಶೂರಿನಲ್ಲಿ. ಮೂರನೆಯದು ನಮ್ಮ ಕಾಞಂಗಾಡಿನಲ್ಲಿ. ಮೂವರೂ ವುಹಾನಿನಿಂದ ಬಂದ ವಿದ್ಯಾರ್ಥಿಗಳು. ಪ್ರವಾಸೋದ್ಯಮಕ್ಕೆ ನೇರ ಏಟು ಬಿದ್ದದ್ದು ಮಾರ್ಚ್ 15ಕ್ಕೆ. ಮುನ್ನಾರಿನಲ್ಲಿ ಉಳಿದಿದ್ದ ಬ್ರಿಟನ್ನಿನ ಪ್ರವಾಸಿಯೊಬ್ಬರಿಗೆ ಸೋಂಕು ಇದೆ ಎಂದು ಗೊತ್ತಾಗುವಷ್ಟರಲ್ಲಿ ಅವರ 19 ಜನರ ಗುಂಪು ಕೊಚ್ಚಿಯಲ್ಲಿ ವಿಮಾನ ಹತ್ತಿ ಆಗಿತ್ತು. ಎಲ್ಲರನ್ನೂ ಕೆಳಗೆ ಇಳಿಸಿದರು. ಮಾರ್ಚ್ 17ರಿಂದ ಪುರಾತತ್ವ ಇಲಾಖೆ ದೇಶದ ಸ್ಮಾರಕಗಳನ್ನೆಲ್ಲ ಮುಚ್ಚಿತು, ನಮ್ಮ ಜಿಲ್ಲೆಯ ಬೇಕಲ ಕೋಟೆಯ ಬಾಗಿಲೂ ಹಾಕಿತು. ಮಾರ್ಚ್ 19ಕ್ಕೆ ಪಿಣರಾಯಿ ವಿಜಯನ್ ಸರಕಾರ 20,000 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಅಂದರೆ ದೇಶದ ಲಾಕ್‌ಡೌನ್ ಶುರುವಾಗುವ ಆರು ದಿನ ಮೊದಲೇ. ಪ್ರಶ್ನೆ ಕೇಳುವವರಿಗೆ ಇದು ಇಷ್ಟ.

ನಮ್ಮ ಜಿಲ್ಲೆಯದ್ದು ಬೇರೆಯೇ ಕತೆ. ದುಬೈಯಿಂದ ಬಂದವರು ಜಾಸ್ತಿ ಇದ್ದ ಕಾರಣ ಏಪ್ರಿಲ್ ಮೊದಲ ವಾರದಲ್ಲಿ ರಾಜ್ಯದಲ್ಲೇ ಹೆಚ್ಚು ಕೇಸು ನಮ್ಮಲ್ಲಿತ್ತು. ಆಚೆ ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ನಮಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಡಯಾಲಿಸಿಸ್‌ಗೆ ಹೋಗುವವರು ಎಲ್ಲಿಗೆ ಹೋಗಬೇಕು? ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಲು ಕೇಂದ್ರಕ್ಕೆ ಹೇಳಿತು, ಸಂಗತಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲ್ 6ಕ್ಕೆ ಉಕ್ಕಿನಡ್ಕದಲ್ಲಿ ಇನ್ನೂ ಕಟ್ಟಿ ಮುಗಿಯದ ಮೆಡಿಕಲ್ ಕಾಲೇಜಿನ ಒಂದು ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ನಡೆಸಲು ತಿರುವನಂತಪುರದಿಂದ ಡಾಕ್ಟರು, ನರ್ಸುಗಳ ತಂಡ ಬಂತು.

ನಾನು ಎಡವಿದ ಜಾಗ

ಮಾಡೆಲ್ ಪೇಪರಿನ ಪ್ರಶ್ನೆ ಹೀಗಿತ್ತು: 2022ರಲ್ಲಿ ಕೇರಳದ ದೇಶೀಯ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ. 150 ಏರಿತು, ವಿದೇಶಿಯರದ್ದು ಶೇ. 471 ಏರಿತು. ಯಾವ ವಿಭಾಗ ಹೆಚ್ಚು ಚೇತರಿಸಿಕೊಂಡಿತು? ನಾನು ಕಣ್ಣು ಮುಚ್ಚಿ 'ವಿದೇಶಿ' ಎಂದು ಗುರುತು ಹಾಕಿದೆ. ತಪ್ಪು. ಎರಡು ದಿನ ಒಪ್ಪಲಿಕ್ಕೇ ಆಗಲಿಲ್ಲ. 471 ದೊಡ್ಡದೋ 150 ದೊಡ್ಡದೋ?

ಬೊಂಡದ (ಎಳನೀರಿನ) ಲೆಕ್ಕದಲ್ಲಿ ನೋಡೋಣ. ಕೋಟೆಯ ಬಾಗಿಲಲ್ಲಿ ಒಬ್ಬ ದಿನಕ್ಕೆ 100 ಬೊಂಡ ಮಾರುತ್ತಿದ್ದ. ವ್ಯಾಪಾರ ಶೇ. 73 ಬಿತ್ತು. ಈಗ 27 ಬೊಂಡ. ಮರುವರ್ಷ ಶೇ. 73 ಏರಿದರೆ ಮತ್ತೆ 100 ಆಗುತ್ತದಾ? ಆಗುವುದಿಲ್ಲ. 27ರ ಶೇ. 73 ಅಂದರೆ ಸುಮಾರು 20. ಒಟ್ಟು 47 ಅಷ್ಟೇ. ಬಿದ್ದದ್ದು ನೂರರ ಮೇಲಿನ ಲೆಕ್ಕ, ಏರುವುದು ಇಪ್ಪತ್ತೇಳರ ಮೇಲಿನ ಲೆಕ್ಕ. 27ರಿಂದ 100ಕ್ಕೆ ತಲುಪಲು ಶೇ. 270 ಏರಬೇಕು! ಇದನ್ನು ನಾನು ಮೂರು ಸಲ ಕಾಗದದ ಮೇಲೆ ಮಾಡಿ ನೋಡಿದೆ. ನೀವೂ ಒಂದು ಸಲ ಮಾಡಿ, ಓದಿ ಬಿಟ್ಟರೆ ತಲೆಯಲ್ಲಿ ಕೂರುವುದಿಲ್ಲ.

ಈಗ ನಿಜವಾದ ಅಂಕಿ. ದೇಶೀಯ ಪ್ರವಾಸಿಗರು 2019ರಲ್ಲಿ ಸುಮಾರು 183.8 ಲಕ್ಷ. 2020ರಲ್ಲಿ 49.9 ಲಕ್ಷ, 2021ರಲ್ಲಿ 75.4 ಲಕ್ಷ, 2022ರಲ್ಲಿ 188.7 ಲಕ್ಷ. ವಿದೇಶಿಯರು 2019ರಲ್ಲಿ 11.9 ಲಕ್ಷ. ಆಮೇಲೆ 3.4 ಲಕ್ಷ, 0.6 ಲಕ್ಷ, ಕೊನೆಗೆ 3.45 ಲಕ್ಷ.

ನನ್ನ ಉಪಾಯ ಒಂದೇ: 2019ನ್ನು 100 ಮಾಡಿಬಿಡುವುದು. ಆಗ ದೇಶೀಯರ ಸಾಲು 100, 27, 41, 103. ವಿದೇಶಿಯರ ಸಾಲು 100, 29, 5, 29. ಇಷ್ಟು ಬರೆದರೆ ಸಾಕು, ಮೋಸ ಬಯಲಾಗುತ್ತದೆ. ದೇಶೀಯರು ಹಳೆಯ ಮಟ್ಟ ದಾಟಿದರು. ವಿದೇಶಿಯರು ಮೂರನೇ ಒಂದು ಭಾಗಕ್ಕೂ ಬರಲಿಲ್ಲ. ಆ ಶೇ. 471 ಹುಟ್ಟಿದ್ದು ಐದು ಬೊಂಡದಿಂದ. ನೆಲಕ್ಕೆ ಬಿದ್ದವನು ಎದ್ದು ಕೂತರೂ ಏರಿಕೆಯೇ ಅಲ್ವಾ?

ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ 'ಹಿಂದಿನ ವರ್ಷಕ್ಕಿಂತ' ಎಂದಿದೆಯೋ '2019ಕ್ಕಿಂತ' ಎಂದಿದೆಯೋ, ಮೊದಲು ಅದರ ಕೆಳಗೆ ಗೆರೆ ಹಾಕಿ.

ವಿದೇಶಿಯರಿಗೆ 2020ಕ್ಕಿಂತ 2021 ಯಾಕೆ ಕೆಟ್ಟದ್ದು?

ಇದು ಇನ್ನೊಂದು ಗೊಂದಲ. ರೋಗ ಹೊಸದಾಗಿದ್ದದ್ದು 2020ರಲ್ಲಿ, ಕಡಿಮೆ ಜನ ಬರಬೇಕಾದದ್ದೂ ಆಗಲೇ ಅಲ್ವಾ? ಕ್ಯಾಲೆಂಡರ್ ನೋಡಿದರೆ ಉತ್ತರ ಸಿಗುತ್ತದೆ. ವಿದೇಶಿಯರ ಸೀಸನ್ ಚಳಿಗಾಲ. 2020ರ ಜನವರಿ, ಫೆಬ್ರವರಿಯಲ್ಲಿ ಅವರು ಯಾವತ್ತಿನಂತೆ ಬಂದು ಹೋಗಿದ್ದರು. ಆ 3.4 ಲಕ್ಷದಲ್ಲಿ ಬಹುಪಾಲು ಅವರೇ. ಮಾರ್ಚ್ 13ಕ್ಕೆ ವೀಸಾ ನಿಂತಿತು, 22ಕ್ಕೆ ಅಂತಾರಾಷ್ಟ್ರೀಯ ವಿಮಾನ ನಿಂತಿತು. ಸಾಮಾನ್ಯ ಪ್ರವಾಸಿ ವೀಸಾ ಮತ್ತೆ ಶುರುವಾದದ್ದು 2021ರ ನವೆಂಬರ್ 15ಕ್ಕೆ. ಅಂದರೆ 2021ರ ಆರಂಭದ ಸೀಸನ್ ಪೂರ್ತಿ ಹೋಯಿತು. ಇದು ರಾಜ್ಯದ ಕೈಯಲ್ಲಿ ಇದ್ದ ವಿಷಯವೂ ಅಲ್ಲ. ವೀಸಾ, ವಿಮಾನ ಎರಡೂ ದಿಲ್ಲಿಯದ್ದು.

ರಾಜ್ಯದ ಕೈಯಲ್ಲಿ ಇದ್ದದ್ದು

ದೇಶೀಯರನ್ನು ಮತ್ತೆ ಕರೆಯುವುದು. 2020ರ ಅಕ್ಟೋಬರಿನಲ್ಲಿ ಗಿರಿಧಾಮ, ಹಿನ್ನೀರು ತೆರೆದರು. ಬೀಚುಗಳು ನವೆಂಬರ್ 1ರಿಂದ. ಈ ಕ್ಷೇತ್ರದವರಿಗೆ 455 ಕೋಟಿ ರೂಪಾಯಿಯ ಸಾಲ ಯೋಜನೆ ಬಂತು. 2021ರಲ್ಲಿ ಎರಡನೇ ಅಲೆ ಬಂದು ಮತ್ತೆ ಬಾಗಿಲು. ಆ ವರ್ಷದ ಜುಲೈಯಲ್ಲಿ ವಯನಾಡಿನ ವೈತಿರಿಯಂಥ ಜಾಗಗಳಲ್ಲಿ ಎಲ್ಲರಿಗೂ ಲಸಿಕೆ ಹಾಕಿ, 'ಇಲ್ಲಿ ಧೈರ್ಯವಾಗಿ ಬನ್ನಿ' ಎಂದು ಪ್ರಚಾರ ಮಾಡಿದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ ಹೆಜ್ಜೆ ಇದೇ. ರಿಯಾಯಿತಿ ಕೊಟ್ಟರೆ ಹೆದರಿದವನು ಬರುತ್ತಾನಾ? ಚಾ ಕೊಡುವವನಿಗೂ ಲಸಿಕೆ ಆಗಿದೆ ಅಂದರೆ ಬರುತ್ತಾನೆ.

ಆ ಆಗಸ್ಟಿನಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಕೇಸು ಕೇರಳದಲ್ಲೇ ಇತ್ತು ಎಂದೂ ನೋಟ್ಸಿನಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲೇ ಇದನ್ನೂ ಬರೆದುಕೊಳ್ಳಿ. ಜೂನ್–ಜುಲೈಯಲ್ಲಿ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿದ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ ಪ್ರತಿಕಾಯ (ರೋಗ ತಾಗಿದ ಅಥವಾ ಲಸಿಕೆ ಆದ ಮೇಲೆ ರಕ್ತದಲ್ಲಿ ಹುಟ್ಟುವ ರಕ್ಷಣೆ) ಕಂಡದ್ದು ದೇಶದಲ್ಲಿ ಶೇ. 67.6 ಜನರಲ್ಲಿ, ಕೇರಳದಲ್ಲಿ ಶೇ. 44.4 ಮಾತ್ರ. ಅಂದರೆ ಇಲ್ಲಿ ಇನ್ನೂ ರೋಗ ತಾಗದವರು ಜಾಸ್ತಿ ಉಳಿದಿದ್ದರು. ನಮಗೆ ಮಾತ್ರ ತಲಪಾಡಿ ದಾಟಲು ಆರ್.ಟಿ.ಪಿ.ಸಿ.ಆರ್. ಎಂಬ ಕೊರೊನಾ ಪರೀಕ್ಷೆಯ ಕಾಗದ ತಪ್ಪಲಿಲ್ಲ.

ತಲೆ ಎಣಿಕೆ ಬೇರೆ, ದುಡ್ಡು ಬೇರೆ

ಪ್ರವಾಸೋದ್ಯಮದ ಒಟ್ಟು ಆದಾಯ 2019ರಲ್ಲಿ 45,010 ಕೋಟಿ ರೂಪಾಯಿ. 2020ರಲ್ಲಿ 11,335 ಕೋಟಿ. 2022ರಲ್ಲಿ 35,168 ಕೋಟಿ. ದೇಶೀಯರ ಸಂಖ್ಯೆ 103ಕ್ಕೆ ಏರಿದರೂ ಆದಾಯ 78ರಲ್ಲೇ ನಿಂತಿದೆ. ಯಾಕೆ ಎಂದು ನೋಟ್ಸಿನಲ್ಲಿ ಹುಡುಕುತ್ತಾ ಕೂತಿದ್ದಾಗ ಸೋದರಮಾವ ಬಂದರು. ಅವರು ಬೇಕಲದ ಕಡೆ ಟೂರಿಸ್ಟ್ ಟ್ಯಾಕ್ಸಿ ಓಡಿಸುವವರು.

"ಮಾವ, 2022ರಲ್ಲಿ ಜನ ಮೊದಲಿಗಿಂತ ಜಾಸ್ತಿ ಬಂದಿದ್ದರಂತೆ. ನಿಮಗೆ ಬಾಡಿಗೆ ಸಿಗಲಿಲ್ವಾ?"

"ಜನ ಬಂದದ್ದು ಹೌದು ಮಾರಾಯ, ಕೋಟೆಯ ಹತ್ತಿರ ನಿಲ್ಲಿಸಲು ಜಾಗ ಇರಲಿಲ್ಲ. ಎಲ್ಲ ಕಣ್ಣೂರು, ಕೋಝಿಕ್ಕೋಡಿನವರು. ಕಾರು ಅವರದೇ, ಬುತ್ತಿಯೂ ಅವರದೇ. ಮೊದಲು ಒಬ್ಬ ಫಾರಿನರ್ ಮಂಗಳೂರು ಏರ್‌ಪೋರ್ಟಿನಲ್ಲಿ ಹತ್ತಿದರೆ ನಾಲ್ಕು ದಿನ ನನ್ನ ಗಾಡಿಯಲ್ಲೇ ತಿರುಗುತ್ತಿದ್ದ."

ಇದನ್ನೇ ಪುಸ್ತಕದ ಭಾಷೆಯಲ್ಲಿ 'ತಲಾ ವೆಚ್ಚದ ವ್ಯತ್ಯಾಸ' ಎನ್ನುತ್ತಾರೆ. ಎರಡು ಅಂಕದ ಪ್ರಶ್ನೆ.