ಬೆತ್ತವಾದ ಪೈಪು

ಶಿರಾ ಕಡೆಯ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ತುಮಕೂರಿನ ನಮ್ಮ ಘಟಕಕ್ಕೆ ಬಂದು ಒಂದು ಮೊಳ ಪೈಪನ್ನು ಮೇಜಿನ ಮೇಲಿಟ್ಟರು. ಟಕ್ ಅಂತು. "ಸಾರ್, ತಂದಾಗ ಹಾವಿನ ಹಾಗೆ ಬಳುಕ್ತಿತ್ತು. ಈಗ ನೋಡಿ, ಬೆತ್ತ. ಮೋಸದ ಮಾಲು ಅಲ್ವಾ?"

ಅಲ್ಲ. ಅದೇ ಸುರುಳಿಯ ಇನ್ನೊಂದು ತುಂಡು ಅವರ ನೀರಿನ ತೊಟ್ಟಿಯಲ್ಲಿದೆ, ಇನ್ನೂ ಮೆತ್ತಗಿದೆ. ಕಡ್ಲೆಕಾಯಿ ಎಣ್ಣೆ ಹರಿದ ತುಂಡು ಮಾತ್ರ ಸೆಟೆದುಕೊಂಡಿತ್ತು. ಉದ್ದವೂ ಸ್ವಲ್ಪ ಕಮ್ಮಿಯಾಗಿ, ಕ್ಲಾಂಪಿನ ಹತ್ತಿರ ಎಣ್ಣೆ ಜಿನುಗತೊಡಗಿತ್ತು.

ಈ ಪೈಪು ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಪಿವಿಸಿ ಹುಟ್ಟಿನಿಂದಲೇ ಗಡಸು. ಮನೆ ಕೊಳಾಯಿಯ ಪೈಪು ನೆನೆಸಿಕೊಳ್ಳಿ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತೇವೆ. ನಮ್ಮ ಕಸುಬಿನಲ್ಲಿ ಜಾಸ್ತಿ ಬಳಕೆಯಲ್ಲಿದ್ದದ್ದು ಡಿಒಪಿ. ಮೆತ್ತನೆಯ ಪೈಪಿನ ತೂಕದಲ್ಲಿ ಮೂರನೇ ಒಂದು ಪಾಲು ಇದೇ ಇರಬಹುದು. ಇದು ಪಿವಿಸಿಯ ಉದ್ದುದ್ದ ಎಳೆಗಳ ನಡುವೆ ಸೇರಿ ಅವು ಜಾರುವಂತೆ ಮಾಡುತ್ತದೆ, ಅಷ್ಟೇ. ಎಳೆಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ. ಹಾಗಾಗಿ ಮೆಲ್ಲಗೆ ಹೊರಕ್ಕೆ ಸರಿಯುತ್ತಲೇ ಇರುತ್ತದೆ.

ನೀರಿಗೆ ಇದು ಕರಗುವುದು ತೀರಾ ಕಮ್ಮಿ. ಎಣ್ಣೆಗೆ ಚೆನ್ನಾಗಿ ಕರಗುತ್ತದೆ. ಪ್ರತಿ ಡಬ್ಬ ತುಂಬುವಾಗಲೂ ಹೊಸ ಎಣ್ಣೆ ಬಂದು ಪೈಪಿನ ಒಳಮೈಯನ್ನು ತೊಳೆಯುತ್ತದೆ, ಒಳಗಿನದು ಮತ್ತೆ ಮೈಗೆ ಬರುತ್ತದೆ. ಮಿಲ್ಲಿನ ಶೀಟಿನ ಛಾವಣಿಯ ಕಾವಿಗೆ ಈ ಓಡಾಟ ಇನ್ನೂ ಜೋರು.

ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ರಬ್ಬರು ಸ್ಕೇಲಿಗೆ ಅಂಟಿಕೊಂಡು ಗುಳಿ ಬೀಳುವುದೂ ಇದರಿಂದಲೇ. ಈಗಿನ ಎಷ್ಟೋ ರಬ್ಬರುಗಳು ಮೆತ್ತನೆಯ ಪಿವಿಸಿ. ಅದರ ಪ್ಲಾಸ್ಟಿಸೈಜರ್ ಪಕ್ಕದ ಪ್ಲಾಸ್ಟಿಕ್ಕಿಗೆ ದಾಟಿ ಅದನ್ನು ಕರಗಿಸುತ್ತದೆ.

"ಹಂಗಾದ್ರೆ ಅದೆಲ್ಲ ನಮ್ಮ ಎಣ್ಣೆಗೇ ಹೋಯ್ತಾ?" ಎಂದರು ಯಜಮಾನರು. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ. ಆರೋಗ್ಯದ ಕಾಳಜಿಯಿಂದ ಯುರೋಪಿನಲ್ಲಿ ಮಕ್ಕಳ ಆಟಿಕೆಯ ಪ್ಲಾಸ್ಟಿಕ್ಕಿನಲ್ಲಿ ಡಿಒಪಿಯಂಥವು ತೂಕದ 0.1% ಮೀರುವಂತಿಲ್ಲ. ತಿನ್ನುವ ಎಣ್ಣೆಗೆ ಸ್ಟೀಲ್ ಪೈಪು ಹಾಕಿಸಿ ಎಂದೆ. ಬಳುಕುವುದೇ ಬೇಕಿದ್ದರೆ ಬರೀ 'ಫುಡ್ ಗ್ರೇಡ್' ಅನ್ನುವ ಮಾತಿಗೆ ಒಪ್ಪಬೇಡಿ. ನೀರು, ಜ್ಯೂಸಿಗೆ ಸರಿಯಾದ ಪೈಪು ಜಿಡ್ಡಿಗೆ ಸರಿಹೋಗಲೇಬೇಕೆಂದಿಲ್ಲ. ಎಣ್ಣೆಗೆ ಆಗುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಬಿಸಿನೀರಲ್ಲಿ ಹಾಕಿದರೆ ಮೊದಲಿನ ಹಾಗೆ ಆಗುತ್ತಾ ಅಂತ ಹೊರಡುವಾಗ ಕೇಳಿದರು. ಬಿಸಿ ಇರುವಷ್ಟು ಹೊತ್ತು ಬಗ್ಗುತ್ತದೆ. ಆರಿದ ಮೇಲೆ ಮತ್ತೆ ಬೆತ್ತ.