‘ಪಾಪ, ಕಷ್ಟ ಆಗುತ್ತೆ’ ಎಂದು ಕೈಬಿಟ್ಟ ಅರ್ಜಿಗಳು

ನೇಮಕಾತಿ ಕೆಲಸದಲ್ಲಿ ವರ್ಷಗಟ್ಟಲೆ ಸಂದರ್ಶನ ಮಾಡಿದ್ದೇನೆ. ಅಂಗವೈಕಲ್ಯ ಇರುವವರ ಬಗ್ಗೆ ‘ಇವರಿಗೆ ಕೆಲಸ ಬರಲ್ಲ’ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ಅವರು ಎದ್ದು ಹೋದ ಮೇಲೆ ‘ಪಾಪ, ಕಷ್ಟ ಆಗುತ್ತೆ’ ಎನ್ನುತ್ತಾರೆ. ಮಹಿಳೆಯಾದರೆ ‘ಮನೆ ಬೇರೆ ನೋಡ್ಕೋಬೇಕು’ ಎಂಬ ಮಾತೂ ಸೇರುತ್ತದೆ. ಕೇಳಿದವರಿಗೆ ಇದು ಕಾಳಜಿಯಂತೆಯೇ ಕಾಣುತ್ತದೆ. ಅದಕ್ಕೇ ಯಾರೂ ತಡೆಯುವುದಿಲ್ಲ.

ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ಇದರ ಬೇರನ್ನು ತೋರಿಸಿದರು. ನಾವು ಜನರನ್ನು ಎರಡು ರೀತಿ ಅಳೆಯುತ್ತೇವೆ: ಒಳ್ಳೆಯವರಾ? ಸಮರ್ಥರಾ? ಅಂಗವೈಕಲ್ಯ ಇರುವವರನ್ನೂ ಗೃಹಿಣಿಯರನ್ನೂ ‘ಒಳ್ಳೆಯವರು, ಆದರೆ ಅಷ್ಟು ಸಮರ್ಥರಲ್ಲ’ ಎಂಬ ಒಂದೇ ಗುಂಪಿಗೆ ಹಾಕುತ್ತೇವೆ. ಅಂಗವೈಕಲ್ಯ ಇರುವ ಮಹಿಳೆಗೆ ಈ ಮರುಕ ಎರಡೂ ಕಡೆಯಿಂದ ಬರುತ್ತದೆ.

ಅನುಭವ ಇದ್ದರೆ ಇದೆಲ್ಲ ಸರಿಹೋಗುತ್ತದೆ ಎಂದು ನಾನೂ ನಂಬಿದ್ದೆ. ಅಮೆರಿಕದಲ್ಲಿ ಸಂಶೋಧಕರು ಲೆಕ್ಕಪತ್ರದ ಕೆಲಸಗಳಿಗೆ 6,016 ಕಾಲ್ಪನಿಕ ಅರ್ಜಿ ಕಳಿಸಿ ನೋಡಿದರು. ಕೆಲವು ಅರ್ಜಿಗಳ ಜೊತೆಗಿನ ಪತ್ರದಲ್ಲಿ ಬೆನ್ನುಹುರಿಯ ಗಾಯ ಅಥವಾ ಆಸ್ಪರ್ಜರ್ಸ್ (ಆಟಿಸಂನ ಒಂದು ಬಗೆ) ಇರುವುದಾಗಿ ಬರೆದಿದ್ದರು. ಲೆಕ್ಕ ನೋಡಲು ಇವು ಅಡ್ಡಿಯಲ್ಲ. ಆದರೂ ಅವುಗಳಿಗೆ ಉದ್ಯೋಗದಾತರ ಸ್ಪಂದನೆ ಶೇ 26ರಷ್ಟು ಕಡಿಮೆ ಬಂತು. ಅನುಭವಿಗಳಿಗೇ ಪೆಟ್ಟು ಜಾಸ್ತಿ: ಹೊಸಬರಿಗೆ ಸುಮಾರು ಶೇ 15, ಅನುಭವಿಗಳಿಗೆ ಸುಮಾರು ಶೇ 34. ಇದನ್ನು ಓದಿದ ದಿನ ನನಗೆ ತುಂಬ ಬೇಸರವಾಯಿತು.

ಬರೀ ಹೆಸರೂ ಸಾಕಾಗುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 127 ವಿಜ್ಞಾನ ಪ್ರಾಧ್ಯಾಪಕರು ಒಂದೇ ಅರ್ಜಿಯನ್ನು ನೋಡಿದರು. ಕೆಲವರಿಗೆ ಸಿಕ್ಕ ಅರ್ಜಿಯಲ್ಲಿ ಜಾನ್ ಎಂಬ ಗಂಡಸಿನ ಹೆಸರಿತ್ತು, ಉಳಿದವರದರಲ್ಲಿ ಜೆನಿಫರ್ ಎಂಬ ಹೆಂಗಸಿನ ಹೆಸರು. ಜಾನ್‌ಗೆ ಒಳ್ಳೆಯ ಅಂಕ, ಹೆಚ್ಚಿನ ಸಂಬಳ. ಮಹಿಳಾ ಪ್ರಾಧ್ಯಾಪಕರೂ ಹಾಗೆಯೇ ಮಾಡಿದ್ದರು.

ಮನಸ್ಸು ಬದಲಾಗುವವರೆಗೆ ಕಾಯುತ್ತಾ ಕೂರಬೇಡಿ, ವಿಧಾನ ಬದಲಿಸಿ. ಅರ್ಜಿ ತೆರೆಯುವ ಮುಂಚೆಯೇ ಕೆಲಸಕ್ಕೆ ಏನೇನು ಬೇಕು ಎಂದು ಬರೆದಿಡಿ. ಎಲ್ಲರಿಗೂ ಅದೇ ಪ್ರಶ್ನೆ ಕೇಳಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಅಂಕ ಹಾಕಿ. ‘ಈ ಕೆಲಸ ಮಾಡಲು ನಮ್ಮಿಂದ ಏನಾದರೂ ಅನುಕೂಲ ಬೇಕಾ?’ ಎಂದು ಎಲ್ಲರನ್ನೂ ಕೇಳಿ. ಯಾರನ್ನಾದರೂ ಬೇಡ ಎನ್ನುವುದಾದರೆ ಕಾರಣ ಬರೆಯಿರಿ.

ಒಮ್ಮೆ, ಕಿವಿ ಕೇಳಿಸದ ಮಹಿಳೆಯೊಬ್ಬರ ಹೆಸರಿನ ಮುಂದೆ ‘ಫೋನ್‌ನಲ್ಲಿ ಮಾತಾಡಲು ಆಗದು’ ಎಂದು ನಾವೇ ಬರೆದಿದ್ದೆವು. ಆಮೇಲೆ ಕೆಲಸದ ವಿವರ ತೆಗೆದು ನೋಡಿದರೆ, ಅದರಲ್ಲಿ ಎಲ್ಲಿಯೂ ಫೋನ್ ಮಾತೇ ಇರಲಿಲ್ಲ. ಆ ಸಾಲು ಹೊಡೆದುಹಾಕಿ ಮತ್ತೆ ಅಂಕ ಹಾಕಿದೆವು.