ಸೋಲಾರ್ ಲಾಭ ಯಾರ ಮಾಡಿಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸ ಮನೆಯ ಮಾತು ಬಂದರೆ ಸೋಲಾರಿನ ಮಾತೂ ಬರುತ್ತದೆ. ಹಾಕಿದರೆ ಲಾಭ ಉಂಟಾ? ಉಂಟು, ಆದರೆ ಎಲ್ಲರಿಗೂ ಒಂದೇ ಥರ ಇಲ್ಲ. ಪೈವಳಿಕೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಸ್ಥಾವರವೇ ನಡೆಯುತ್ತಿರುವಾಗ ನಮ್ಮ ಬಿಸಿಲಿನ ಬಗ್ಗೆ ಸಂಶಯ ಬೇಡ. ನೋಡಬೇಕಾದ್ದು ಕರೆಂಟ್ ಬಿಲ್ಲು.

ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ತಿಂಗಳ ಮೊದಲ 50 ಯೂನಿಟ್‌ಗೆ ಮೂರು ರೂಪಾಯಿ ಚಿಲ್ಲರೆ. 200 ದಾಟಿದ ಮೇಲಿನ ಯೂನಿಟ್‌ಗೆ ಎಂಟು ರೂಪಾಯಿಗಿಂತ ಜಾಸ್ತಿ. ತಿಂಗಳಿಗೆ 250 ದಾಟಿತೋ, ಮೆಟ್ಟಿಲೇ ಮಾಯ. ಆಗ ಮೊದಲ ಯೂನಿಟ್‌ನಿಂದ ಹಿಡಿದು ಅಷ್ಟಕ್ಕೂ ಒಂದೇ ದೊಡ್ಡ ದರ. 250ರಲ್ಲಿ ನಿಲ್ಲುವ ಮನೆಗೂ 260 ಮುಟ್ಟುವ ಮನೆಗೂ ತಿಂಗಳಿಗೆ ಸುಮಾರು ಮುನ್ನೂರು ರೂಪಾಯಿ ವ್ಯತ್ಯಾಸ. ಬರೇ ಹತ್ತು ಯೂನಿಟ್‌ಗೆ!

ಸೋಲಾರ್ ಮೊದಲು ಕಡಿಯುವುದು ಈ ಮೇಲಿನ, ದುಬಾರಿ ಯೂನಿಟ್‌ಗಳನ್ನು. ಲಾಭದ ಗುಟ್ಟು ಇಷ್ಟೇ. ಎರಡು ಎಸಿ, ಫ್ರಿಜ್ಜು, ಇಂಡಕ್ಷನ್ ಒಲೆ ಇರುವ, ತಿಂಗಳಿಗೆ 350 ಯೂನಿಟ್ ಉರಿಸುವ ಮನೆಯನ್ನು ತೆಗೆದುಕೊಳ್ಳಿ. ಬಿಲ್ಲು ತಿಂಗಳಿಗೆ ಎರಡೂವರೆ ಸಾವಿರಕ್ಕೂ ಜಾಸ್ತಿ. 3 ಕಿಲೋವ್ಯಾಟ್ ಹಾಕಲು ಎರಡು ಲಕ್ಷದ ಹತ್ತಿರ ಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಕೈಯಿಂದ ಹೋಗುವುದು ಒಂದು ಲಕ್ಷದ ಇಪ್ಪತ್ತು ಸಾವಿರ ಅಂತಿಟ್ಟುಕೊಳ್ಳಿ. ಸುಮಾರು ಐದು ವರ್ಷದಲ್ಲಿ ಅದು ವಾಪಸ್ ಬರುತ್ತದೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುತ್ತದೆ. ನಡುವೆ ಒಮ್ಮೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ಆಗುವ ಹಾಗೆ ಮಾಡುವ ಪೆಟ್ಟಿಗೆ) ಬದಲಿಸುವ ಖರ್ಚು ಬರುತ್ತದೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಮಾರುವವರು ಅದನ್ನು ಹೇಳುವುದು ಕಡಿಮೆ.

ತಿಂಗಳಿಗೆ 100 ಯೂನಿಟ್ ಮಾತ್ರ ಬಳಸುವ ಮನೆಯಾದರೆ? ಅವರು ಈಗಾಗಲೇ ಅಗ್ಗದ ಮೆಟ್ಟಿಲಲ್ಲೇ ಇದ್ದಾರೆ. ಹಾಕಿದ ದುಡ್ಡು ಬರಲು ಹತ್ತು ವರ್ಷದ ಹತ್ತಿರ ಬೇಕು. ಸುಮ್ನೆ ಸಾಲ ಮಾಡುವ ಅಗತ್ಯ ಇಲ್ಲ. ತೋಟದ ಪಂಪಿನ ಲೆಕ್ಕವೂ ಹೀಗೇ. ಕೃಷಿ ಕನೆಕ್ಷನ್‌ನ ದರ ಮನೆಯ ದರಕ್ಕಿಂತ ಎಷ್ಟೋ ಕಡಿಮೆ. ಅದನ್ನು ಉಳಿಸಲು ಹೊರಟರೆ ಉಳಿಯುವುದೂ ಅಷ್ಟೇ.

ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹತ್ತಿರ ಕೊಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅರ್ಧಕ್ಕೂ ಇಳಿಯಬಹುದು. ಮಾರ್ಚ್–ಏಪ್ರಿಲ್‌ನ ಸೆಕೆಯಲ್ಲಿ ಭರ್ಜರಿ ಬರುತ್ತದೆ ಅಂದುಕೊಂಡರೆ ಅದೂ ಪೂರ್ತಿ ನಿಜ ಅಲ್ಲ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿಯಲ್ಲ. ಪ್ಯಾನೆಲ್ ಒಳಗೆ ಕರೆಂಟ್ ಮಾಡುವ ಸಿಲಿಕಾನ್ ಕೋಶದ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ನೂರಕ್ಕೆ 0.3ರಿಂದ 0.4ರಷ್ಟು ಶಕ್ತಿ ಕುಗ್ಗುತ್ತದೆ. ಮಧ್ಯಾಹ್ನ ಟೆರೇಸಿನ ಮೇಲೆ ಕೋಶ 60 ಡಿಗ್ರಿ ಕಾದರೆ ಹತ್ತರಿಂದ ಹದಿನಾಲ್ಕು ಶೇಕಡಾ ಅಲ್ಲೇ ಹೋಯಿತು. ಅದಕ್ಕೇ ಪ್ಯಾನೆಲ್ ಅಡಿಯಲ್ಲಿ ಗಾಳಿಯಾಡುವಷ್ಟು ಜಾಗ ಬಿಡುವುದು.

ನಮ್ಮೂರಿನ ದೊಡ್ಡ ಕಳ್ಳ ಮಾತ್ರ ತೆಂಗಿನ ಮರ. ಒಂದು ಮಡಲಿನ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿತ್ತು ಅಂತಿಟ್ಟುಕೊಳ್ಳಿ. ಹೋಗುವುದು ಆ ಮೂಲೆಯ ಕರೆಂಟ್ ಮಾತ್ರ ಅಲ್ಲ. ಕೋಶಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ, ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ಒಂದು ಕೋಶ ಕತ್ತಲಾದರೆ ಅದರ ಸಾಲಿಗೇ ತಡೆ. ಹಾಗಾಗಿ ಪ್ಯಾನೆಲ್ ಹಿಂದೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಡುತ್ತಾರೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗುತ್ತದೆ. ಅಂದರೆ ಅಂಗೈಯಗಲದ ನೆರಳಿಗೆ ಪ್ಯಾನೆಲ್‌ನ ಮೂರನೇ ಒಂದು ಭಾಗ ಹೋಗಬಹುದು. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಟೆರೇಸಿನ ಮೇಲೆ ನೆರಳು ಎಲ್ಲೆಲ್ಲಿ ಓಡಾಡುತ್ತದೆ ಅಂತ ಒಂದು ದಿನ ನೋಡದೆ ಅಡ್ವಾನ್ಸ್ ಕೊಡಬೇಡಿ. ಡಿಸೆಂಬರಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ.

ಹಗಲು ಮಿಕ್ಕ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಲೈನಿನಿಂದ ಬರುತ್ತದೆ, ಮೀಟರ್ ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಇದೇ ನೆಟ್ ಮೀಟರಿಂಗ್. ಇದರ ನಿಯಮ ಆಗಾಗ ಬದಲಾಗುತ್ತದೆ, ಸೆಕ್ಷನ್ ಆಫೀಸಿನಲ್ಲಿ ಈಗಿನದ್ದನ್ನೇ ಕೇಳಿಕೊಳ್ಳಿ. ವರ್ಷದ ಕೊನೆಗೆ ಉಳಿದ ಯೂನಿಟ್‌ಗೆ ಸಿಗುವುದು ಕಡಿಮೆ ದರ. ಹಾಗಾಗಿ ಮಾರಿ ದುಡ್ಡು ಮಾಡುವ ಆಸೆಗೆ ಐದು ಕಿಲೋವ್ಯಾಟ್ ಹಾಕಬೇಡಿ, ನಿಮ್ಮ ಖರ್ಚಿನಷ್ಟೇ ಹಾಕಿ.

ಮಳೆಗಾಲದಲ್ಲಿ ಲೈನ್ ಹೋದಾಗ ಬ್ಯಾಟರಿ ಇಲ್ಲದ ಸೋಲಾರ್ ಕೂಡ ಆಫ್ ಆಗುತ್ತದೆ. ಹಾಳಾದದ್ದಲ್ಲ. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮಾಡಿನಿಂದ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ನಿಲ್ಲುತ್ತದೆ. ಬ್ಯಾಟರಿ ಸೇರಿಸಿದರೆ ಬೆಳಕು ಉಂಟು, ಆದರೆ ಐದು ವರ್ಷದ ಲೆಕ್ಕ ಉದ್ದವಾಗುತ್ತದೆ.

ಅಡಿಕೆ ಬೆಳೆಯುವವರಿಗೆ ಇನ್ನೊಂದು ತಕರಾರು ಉಂಟು. ಮೂರು ಕಿಲೋವ್ಯಾಟ್‌ಗೆ 200ರಿಂದ 300 ಚದರ ಅಡಿ ಬೇಕು. ಅದೇ ಟೆರೇಸಿನಲ್ಲಿ ಹಣ್ಣಡಿಕೆ ನಲವತ್ತು ದಿನಕ್ಕೂ ಜಾಸ್ತಿ ಬಿಸಿಲು ಕಾಯಬೇಕು. ಕಾರ್ ಶೆಡ್ಡಿನ ಮಾಡು ಖಾಲಿ ಇದ್ದರೆ ಪ್ಯಾನೆಲ್ ಅಲ್ಲಿಗೆ ಹೋಗಲಿ.